ಒಬ್ಬಳೇ ಹೊರಡುವುದಾದರೆ ಯಾವ ಊರು? ಮೈಸೂರು, ಪುದುಚೇರಿ, ಕೊಚ್ಚಿ, ಮುಂಬೈ: ಸಂಜೆ ಏಳರ ನಂತರದ ಲೆಕ್ಕ

"ಜೊತೆಗೆ ಯಾರಿದ್ದಾರೆ ಮೇಡಂ?"

ಲಾಡ್ಜಿನ ಕೌಂಟರಿನಲ್ಲಿದ್ದವರು ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡುತ್ತಾ ಕೇಳಿದರು. ಯಾರೂ ಇಲ್ಲ, ನಾನೊಬ್ಬಳೇ ಅಂದೆ. ಬರೆಯಲು ತೆರೆದಿದ್ದ ದಪ್ಪ ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿದರು. ಪೆನ್ನನ್ನು ಅದರ ಮೇಲಿಟ್ಟರು. "ರೂಮು ಖಾಲಿ ಇಲ್ಲ" ಅಂದರು. ಅವರ ಹಿಂದಿನ ಹಲಗೆಯಲ್ಲಿ ಹತ್ತು ಹನ್ನೆರಡು ಬೀಗದ ಕೈ ನೇತಾಡುತ್ತಿದ್ದವು. ಆಗ ರಾತ್ರಿ ಎಂಟೂವರೆ. ಊರು ನಮ್ಮ ರಾಜ್ಯದ್ದೇ. ಹೆಸರು ಬೇಡ ಬಿಡಿ.

ಅದಾಗಿ ಹತ್ತು ವರ್ಷದ ಮೇಲಾಯಿತು. ಈಗ ನಮ್ಮ ಅಕ್ಕನ ಮಗಳಿಗೆ ಕೆಲಸ ಸಿಕ್ಕಿದೆ. ಮೊದಲ ರಜೆಗೆ ಒಬ್ಬಳೇ ಎಲ್ಲಾದರೂ ಹೋಗಬೇಕಂತೆ. "ಚಿಕ್ಕಮ್ಮ, ಮೈಸೂರು, ಪಾಂಡಿಚೇರಿ, ಕೊಚ್ಚಿ, ಮುಂಬೈ, ನಾಲ್ಕರಲ್ಲಿ ಒಂದು ಹೇಳು" ಅಂದಳು. ದಾವಣಗೆರೆಯಿಂದ ನಾಲ್ಕಕ್ಕೂ ದಾರಿಯಿದೆ. ನಾಲ್ಕಕ್ಕೂ ನಾನು ಒಬ್ಬಳೇ ಹೋಗಿ ಬಂದಿದ್ದೇನೆ, ಕೆಲವಕ್ಕೆ ಎರಡು ಮೂರು ಸಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಊರು ಆರಿಸುವಾಗ ನಾವು ಸಾಮಾನ್ಯವಾಗಿ ನೋಡುವುದು ಹಗಲಿನ ಫೋಟೋ. ಅರಮನೆ, ಸಮುದ್ರ, ಬಣ್ಣದ ಗೋಡೆ. ಹಗಲು ಹನ್ನೊಂದಕ್ಕೆ ಎಲ್ಲ ಊರೂ ಒಳ್ಳೆಯವೇ. ಒಬ್ಬಳೇ ಹೋದವಳಿಗೆ ಊರಿನ ನಿಜವಾದ ಗುಣ ಗೊತ್ತಾಗುವುದು ಸಂಜೆ ಏಳರಿಂದ ರಾತ್ರಿ ಹತ್ತರ ನಡುವೆ. ಆ ಮೂರು ಗಂಟೆ ರೂಮಿನಲ್ಲಿ ಟಿವಿ ನೋಡಿಕೊಂಡು ಕೂರಬೇಕಾ, ಹೊರಗಿರಬಹುದಾ? ಒಬ್ಬಳೇ ಕೂತು ಊಟ ಮಾಡುವ ಜಾಗ ಇದೆಯಾ? ಅಲ್ಲಿಂದ ರೂಮಿಗೆ ಹೇಗೆ ಬರುವುದು? ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಹೊತ್ತಲ್ಲಿ ಬೀದಿಯಲ್ಲಿ ಬೇರೆ ಹೆಂಗಸರು ಎಷ್ಟು ಜನ ಇರುತ್ತಾರೆ?

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮನೆಯಲ್ಲಿ "ಒಬ್ಬಳೇನಾ?" ಎಂದು ಗಾಬರಿಯಾಗುವವರು ಪೇಪರಿನ ಅತ್ಯಾಚಾರದ ಸುದ್ದಿಗಳನ್ನೇ ಎತ್ತಿ ತೋರಿಸುತ್ತಾರೆ. 2013ರಲ್ಲಿ ಮುಂಬೈಯ ಶಕ್ತಿ ಮಿಲ್. 2021ರಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲು. 2025ರ ಮಾರ್ಚಿನಲ್ಲಿ ಹಂಪಿ ಕಡೆಯ ಸಾಣಾಪುರದ ಕಾಲುವೆ ದಂಡೆ. ಮೂರೂ ನಿಜ, ಮೂರೂ ಭಯಂಕರ. ಆದರೆ ಒಂದು ವಿಷಯ ಯಾರೂ ಹೇಳುವುದಿಲ್ಲ. ಈ ಮೂರರಲ್ಲೂ ಆ ಹೆಣ್ಣುಮಕ್ಕಳು ಒಬ್ಬರೇ ಇರಲಿಲ್ಲ. ಜೊತೆಗೆ ಗಂಡಸರಿದ್ದರು. ಸಾಣಾಪುರದಲ್ಲಿ ಮೂವರಿದ್ದರು, ಅವರಲ್ಲಿ ಒಬ್ಬರು ಜೀವ ಕಳೆದುಕೊಂಡರು. ಮೂರು ಕಡೆಯೂ ಜಾಗ ಮಾತ್ರ ನಿರ್ಜನ. ತಪ್ಪು ಮಾಡಿದವರದ್ದೇ ಹೊರತು ಅಲ್ಲಿಗೆ ಹೋದವರದ್ದಲ್ಲ, ಅದು ಬೇರೆ ಮಾತು. ಆದರೆ ಊರು ಆರಿಸುವಾಗ ನನಗೆ ಇದರಿಂದ ತಿಳಿದದ್ದು ಇಷ್ಟು: "ಜೊತೆಗೆ ಯಾರಿದ್ದಾರೆ" ಅನ್ನುವುದಕ್ಕಿಂತ "ಸುತ್ತ ಯಾರಿದ್ದಾರೆ" ಅನ್ನುವುದು ದೊಡ್ಡ ಪ್ರಶ್ನೆ.

ಈಗ ಊರುಗಳಿಗೆ ಬರೋಣ.

ಮೈಸೂರು: ಮಾತು ಬರುತ್ತೆ, ಅದೇ ಅರ್ಧ ಧೈರ್ಯ

ಯಾವತ್ತೂ ಒಬ್ಬರೇ ಹೊರಗಡೆ ರಾತ್ರಿ ಉಳಿದೇ ಇಲ್ಲ ಅನ್ನುವವರಿಗೆ ಮೈಸೂರು ಸುಲಭ. ಆಟೋದವರ ಜೊತೆ ಜಗಳ ಆಡುವುದಕ್ಕೂ ನಮ್ಮ ಮಾತೇ ಸಾಕು. ಇದು ಸಣ್ಣ ಅನುಕೂಲ ಅಲ್ಲ. ಗಾಬರಿಯಾದಾಗ ಹಿಂದಿ, ಇಂಗ್ಲಿಷ್ ಎಲ್ಲ ಮರೆತುಹೋಗುತ್ತೆ, ಕನ್ನಡ ಮರೆಯುವುದಿಲ್ಲ.

ಖರ್ಚೂ ಕಮ್ಮಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮೈಸೂರಿನ ಸಿಟಿ ಬಸ್ಸಿಗೂ ಅದೇ. ರಾಜಹಂಸ, ಐರಾವತಕ್ಕೆ ಮಾತ್ರ ದುಡ್ಡು ಕೊಡಬೇಕು. ದುಡ್ಡು ಉಳಿಯುವುದು ಇರಲಿ, ಇದರಿಂದ ಬಸ್ಸಿನ ಮುಖವೇ ಬದಲಾಗಿದೆ. ಈಗ ಯಾವ ಹೊತ್ತಿಗೆ ಹತ್ತಿದರೂ ಒಳಗೆ ಹೆಂಗಸರೇ ಜಾಸ್ತಿ. ಬೆಟ್ಟಕ್ಕೆ ಹೋಗುವ ಬಸ್ಸಲ್ಲಿ ನಾನು ನಿಂತಿದ್ದಾಗ ಹಳ್ಳಿಯಿಂದ ಬಂದ ಆರು ಜನ ಅಜ್ಜಿಯರ ಗುಂಪೊಂದು ಜರುಗಿ ಜರುಗಿ ನನಗೂ ಜಾಗ ಮಾಡಿತು. ಇಳಿಯುವಷ್ಟರಲ್ಲಿ ನನ್ನ ಸಂಬಳ ಎಷ್ಟು ಅನ್ನುವುದು ಆರೂ ಜನಕ್ಕೆ ಗೊತ್ತಾಗಿತ್ತು.

ಸಂಜೆಗೆ ಭಾನುವಾರ ಇರುವ ಹಾಗೆ ನೋಡಿಕೊಳ್ಳಿ. ಭಾನುವಾರ ಮತ್ತು ಸರ್ಕಾರಿ ರಜೆ ದಿನ ಏಳು ಗಂಟೆಗೆ ಅರಮನೆಗೆ ದೀಪ ಹಾಕುತ್ತಾರೆ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಆವರಣದಲ್ಲಿ ಇದ್ದವರೆಲ್ಲ "ಹೋ" ಅನ್ನುತ್ತಾರೆ. ಮಕ್ಕಳು, ಮುದುಕರು, ಸಂಸಾರಗಳು, ಭರ್ತಿ ಜನ. ಒಬ್ಬಳೇ ನಿಂತಿದ್ದೀನಿ ಅನ್ನಿಸುವುದೇ ಇಲ್ಲ. ಹೊರಗೆ ಬಂದು ಊಟ ಮುಗಿಸಿ ಒಂಬತ್ತರ ಒಳಗೆ ರೂಮು ಸೇರಿದರೆ ಆಯಿತು.

ಆ ಒಂಬತ್ತೇ ಮೈಸೂರಿನ ತೊಂದರೆ. ಊರು ಬೇಗ ಮಲಗುತ್ತದೆ. ಯಾದವಗಿರಿ, ಗೋಕುಲಂ ಕಡೆಯ ಅಗಲ ರಸ್ತೆಗಳು ಹಗಲಲ್ಲಿ ಚೆಂದ. ರಾತ್ರಿ ಮರದ ನೆರಳಿಗೆ ಬೀದಿದೀಪವೂ ಮುಚ್ಚಿಹೋಗುತ್ತೆ. 2021ರ ಘಟನೆ ಆದ ಮೇಲೆ ಅಲ್ಲಿನ ವಿಶ್ವವಿದ್ಯಾಲಯ, ಸಂಜೆ ಆರೂವರೆ ಮೇಲೆ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಬ್ಬೊಬ್ಬರೇ ಓಡಾಡಬಾರದು ಎಂದು ಸುತ್ತೋಲೆ ಹೊರಡಿಸಿ, ಬೈಸಿಕೊಂಡು ವಾಪಸ್ ತಗೊಂಡಿತು. ದೀಪ ಹೆಚ್ಚು ಮಾಡುವ ಬದಲು ಹೆಣ್ಣುಮಕ್ಕಳನ್ನು ಕಮ್ಮಿ ಮಾಡುವ ಉಪಾಯ! ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಆಸೆ ಇದ್ದರೆ ಬೆಳಗ್ಗೆ ಆರಕ್ಕೆ ಹೋಗಿ. ಆಗ ವಾಕಿಂಗಿನವರು, ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರು ತುಂಬಿರುತ್ತಾರೆ. ಸಂಜೆ ಬೇಡ.

ಉಳಿಯಲು ರೈಲ್ವೆ ಸ್ಟೇಷನ್ನಿಗೆ ಹತ್ತಿರ, ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಹೊಯ್ಸಳ ಇದೆ. ಹಳೇ ಕಟ್ಟಡ, ಥಳಕು ಇಲ್ಲ. ನಾನು ಹೋದಾಗ "ಜೊತೆಗೆ ಯಾರು" ಅಂತ ಯಾರೂ ಕೇಳಲಿಲ್ಲ, ನನಗೆ ಅಷ್ಟು ಸಾಕಾಗಿತ್ತು. ಅಂದಹಾಗೆ ಮೈಸೂರಿನಲ್ಲಿ ನೆಂಟರಿದ್ದರೆ ಹೇಳದೆ ಹೋಗಿ. ಹೇಳಿದರೆ ಅದು ಒಂಟಿ ಪ್ರವಾಸ ಆಗುವುದಿಲ್ಲ, ಮೂರು ಮನೆ ಕಾಫಿ ಆಗುತ್ತೆ.

ಪುದುಚೇರಿ: ವಾರದ ನಡುವೆ ಹೋದರೆ ಒಂದು ಊರು, ಶನಿವಾರ ಹೋದರೆ ಇನ್ನೊಂದು

ಸಂಜೆ ಏಳರ ಪರೀಕ್ಷೆಯಲ್ಲಿ ಪುದುಚೇರಿಗೆ ಒಳ್ಳೆಯ ಅಂಕ ಕೊಡಬೇಕು. ಸಮುದ್ರದ ಪಕ್ಕದ ಬೀಚ್ ರಸ್ತೆಗೆ ಸಂಜೆ ಆರರಿಂದ ಬೆಳಗಿನವರೆಗೆ ವಾಹನ ಬಿಡುವುದಿಲ್ಲ. ಇಡೀ ರಸ್ತೆ ನಡೆಯುವವರದ್ದು. ಗಾಂಧಿ ಪ್ರತಿಮೆ ಹತ್ತಿರ ಮಕ್ಕಳು ಓಡುತ್ತಿರುತ್ತವೆ, ಅಮ್ಮಂದಿರು ಕಲ್ಲುಕಟ್ಟೆ ಮೇಲೆ ಕೂತು ಸುಂಡಲ್ ತಿನ್ನುತ್ತಿರುತ್ತಾರೆ. ಒಂದು ಪೊಟ್ಟಣ ತಗೊಂಡು ಒಂಬತ್ತೂವರೆಯವರೆಗೆ ಸುಮ್ನೆ ಕೂರಬಹುದು. ಅಷ್ಟು ಹೊತ್ತು ಏನೂ ಮಾಡದೆ ಒಬ್ಬಳೇ ಕೂರಲು ಬಿಡುವ ಊರು ನಮ್ಮಲ್ಲಿ ಎಷ್ಟಿವೆ ಹೇಳಿ.

ಅರವಿಂದಾಶ್ರಮದ ಅತಿಥಿಗೃಹಗಳು ಒಬ್ಬರೇ ಬರುವ ಹೆಂಗಸರಿಗೆ ಹೊಂದುತ್ತವೆ. ಸಮುದ್ರದ ಪಕ್ಕದ ಪಾರ್ಕ್ ಗೆಸ್ಟ್ ಹೌಸ್ ಎಲ್ಲರಿಗೂ ಗೊತ್ತಿರುವುದು. ಕುಡಿಯುವಂತಿಲ್ಲ, ಸೇದುವಂತಿಲ್ಲ, ರಾತ್ರಿ ಹತ್ತೂವರೆ ಹೊತ್ತಿಗೆ ಗೇಟು ಹಾಕುತ್ತಾರೆ. ಹಾಸ್ಟೆಲ್ ಥರ ಆಯ್ತಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಮೊದಲ ಸಲಕ್ಕೆ ನನಗೆ ಆ ಗೇಟು ಹಿತವಾಗಿಯೇ ಇತ್ತು.

ಆದರೆ ಶುಕ್ರವಾರ ರಾತ್ರಿ ಚೆನ್ನೈ, ಬೆಂಗಳೂರಿನಿಂದ ಗಾಡಿಗಳು ಬಂದು ಬೀಳುತ್ತವೆ. ಮದ್ಯ ಅಲ್ಲಿ ಅಗ್ಗ. ಹತ್ತು ಗಂಟೆ ಮೇಲೆ ಹಳದಿ ಗೋಡೆಗಳ ವೈಟ್ ಟೌನ್ ಬೀದಿಗಳು ಖಾಲಿಯಾಗುತ್ತವೆ, ತಿರುವಿನಲ್ಲಿ ನಾಲ್ಕು ಹುಡುಗರು ಕಾರಿಗೆ ಒರಗಿ ನಿಂತಿರುತ್ತಾರೆ. ಏನೂ ಮಾಡುವುದಿಲ್ಲ ಅನ್ನಿ. ಆದರೂ ನಾವು ರಸ್ತೆಯ ಆಚೆ ಬದಿಗೆ ಹೋಗುತ್ತೇವೆ, ಅಲ್ವಾ? ಆದ್ದರಿಂದ ಸೋಮವಾರದಿಂದ ಗುರುವಾರದ ನಡುವೆ ಹೋಗಿ. ಆಟೋದವರು ಮೀಟರ್ ಹಾಕುವುದಿಲ್ಲ, ತಮಿಳು ಬರದಿದ್ದರೆ ರೇಟು ಇನ್ನೂ ಮೇಲೆ. ಬಾಡಿಗೆ ಸೈಕಲ್ ಒಳ್ಳೆಯದು. ಬೆಂಗಳೂರಿನ ರಾತ್ರಿ ಬಸ್ಸು ಬೆಳಗಿನ ಜಾವ ಐದಕ್ಕೇ ಇಳಿಸಿಬಿಡುತ್ತೆ. ಅಷ್ಟು ಬೇಗ ರೂಮು ಕೊಡ್ತೀರಾ ಎಂದು ಮೊದಲೇ ಫೋನ್ ಮಾಡಿ ಕೇಳಿ. ನಾನು ಕೇಳದೆ ಹೋಗಿ ಬ್ಯಾಗಿನ ಮೇಲೆ ಕೂತು ಸೂರ್ಯೋದಯ ನೋಡಿದೆ. ಚೆನ್ನಾಗಿತ್ತು, ಆದರೆ ಬಾತ್‌ರೂಮಿಗೆ ಹೋಗಬೇಕಾಗಿತ್ತು.

ಕೊಚ್ಚಿ: ನೀರಿನ ಯಾವ ಕಡೆ ಉಳಿಯುವುದು?

ಕೊಚ್ಚಿ ಅಂದರೆ ಎರಡು ಊರು. ನೀರಿನ ಈಚೆ ಎರ್ನಾಕುಲಂ, ಆಚೆ ಫೋರ್ಟ್ ಕೊಚ್ಚಿ. ಚೀನೀ ಬಲೆ, ಯಹೂದಿಗಳು ಪ್ರಾರ್ಥನೆ ಮಾಡುವ 1568ರ ಪರದೇಸಿ ಸಿನಗಾಗ್, ಮಟ್ಟಾಂಚೇರಿಯ ಮಸಾಲೆ ಗೋದಾಮುಗಳು ಎಲ್ಲ ಆಚೆ ಕಡೆ. ಎಲ್ಲರೂ ಅಲ್ಲೇ ರೂಮು ಮಾಡುತ್ತಾರೆ. ಹೋಂಸ್ಟೇಗಳು ಹೆಚ್ಚಾಗಿ ಮನೆಯವರೇ ಇರುವಂಥವು. ನಾನಿದ್ದ ಮನೆಯ ಚೇಚಿ, ಅಂದರೆ ಅಕ್ಕ, ಬೆಳಗ್ಗೆ ಪುಟ್ಟು ಕಡಲೆ ಕೊಟ್ಟು, "ರಾತ್ರಿ ಎಷ್ಟು ಹೊತ್ತಿಗೆ ಬರ್ತೀಯಾ" ಅಂತ ಕೇಳುತ್ತಿದ್ದರು. ಅದೂ ಒಂದು ಥರ "ಜೊತೆಗೆ ಯಾರಿದ್ದಾರೆ" ಪ್ರಶ್ನೆಯೇ. ಆದರೆ ರಿಜಿಸ್ಟರ್ ಮುಚ್ಚುವವರ ದನಿ ಬೇರೆ, ಬಾಗಿಲು ತೆಗೆಯಲು ಕಾಯುವವರ ದನಿ ಬೇರೆ.

ಸಂಜೆ ಕಳೆಯಲು ಕಥಕಳಿ ಇದೆ. ಐದಕ್ಕೆ ಹೋದರೆ ಮುಖಕ್ಕೆ ಬಣ್ಣ ಹಚ್ಚುವುದನ್ನೂ ನೋಡಬಹುದು, ಆಮೇಲೆ ಆಟ. ಪ್ರವಾಸಿಗರಿಗಾಗಿ ಕತ್ತರಿಸಿದ ಆಟ ಎಂದು ಬಲ್ಲವರು ಗೊಣಗುತ್ತಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಆ ಬಣ್ಣದ ಕೆಲಸವೇ ಸಾಕು. ಒಬ್ಬಳಿಗೆ ಕೂರಲು ಇಂಥ ಬೆಳಕಿನ ಜಾಗ ಒಂದು ಬೇಕಲ್ಲ.

ಆಟ ಮುಗಿದ ಮೇಲೆ ಮಾತ್ರ ಫೋರ್ಟ್ ಕೊಚ್ಚಿ ಬೇಗ ಖಾಲಿ. ಬೀದಿಗಳು ಸಣ್ಣವು, ಗೋಡೆಗಳು ಎತ್ತರ. ಎರ್ನಾಕುಲಂ ಕಡೆ ಮರೀನ್ ಡ್ರೈವ್, ಎಂ.ಜಿ. ರಸ್ತೆಯಲ್ಲಿ ಇನ್ನೂ ಜನ ಇರುತ್ತಾರೆ. ಹಾಗಾಗಿ ನನ್ನ ಲೆಕ್ಕ ಇದು: ಎರಡು ರಾತ್ರಿಗಿಂತ ಜಾಸ್ತಿ ಇದ್ದು, ಮನೆಯವರಿರುವ ಹೋಂಸ್ಟೇ ಸಿಕ್ಕರೆ ಆಚೆ ಉಳಿಯಿರಿ. ಒಂದೇ ರಾತ್ರಿಯಾದರೆ ಈಚೆಯೇ ಉಳಿದು ಹಗಲು ದೋಣಿಯಲ್ಲಿ ಹೋಗಿ ಬನ್ನಿ. 2023ರಲ್ಲಿ ವಾಟರ್ ಮೆಟ್ರೋ ಶುರುವಾಯಿತು, ಮರುವರ್ಷ ಫೋರ್ಟ್ ಕೊಚ್ಚಿಗೂ ಬಂತು. ಎ.ಸಿ. ದೋಣಿ, ಸರದಿಯಲ್ಲಿ ಟಿಕೆಟ್, ತಳ್ಳಾಟ ಇಲ್ಲ. ಕೊನೆಯ ದೋಣಿ ಎಷ್ಟಕ್ಕೆ ಅಂತ ಹೋಗುವಾಗಲೇ ಕೇಳಿಟ್ಟುಕೊಳ್ಳಿ. ಊಟಕ್ಕೆ ಎರ್ನಾಕುಲಂ ನಾರ್ತ್ ಸ್ಟೇಷನ್ ಹತ್ತಿರ ಸಮೃದ್ಧಿ ಅಂತ ಕುಟುಂಬಶ್ರೀ (ಕೇರಳದ ಸ್ವಸಹಾಯ ಗುಂಪುಗಳು) ಹೆಂಗಸರು ನಡೆಸುವ ಹೋಟೆಲ್ ಇದೆ. ಹತ್ತು ರೂಪಾಯಿ ಊಟದಿಂದ 2021ರಲ್ಲಿ ಶುರುವಾದದ್ದು. ಬಡಿಸುವವರೂ ಹೆಂಗಸರೇ, ಒಬ್ಬಳೇ ಕೂತು ತಿನ್ನಲು ಅದಕ್ಕಿಂತ ನಿರಾಳ ಜಾಗ ನನಗಂತೂ ಅಲ್ಲಿ ಕಾಣಲಿಲ್ಲ.

ದಿಟ್ಟಿಸಿ ನೋಡುವ ಗಂಡಸರು ಕೊಚ್ಚಿಯಲ್ಲೂ ಇದ್ದಾರೆ. ಸಾಕ್ಷರತೆಗೂ ಅದಕ್ಕೂ ಸಂಬಂಧ ಇಲ್ಲ.

ಮುಂಬೈ: ಯಾರಿಗೂ ನಿಮ್ಮ ಚಿಂತೆ ಇಲ್ಲ, ಅದೇ ಸುಖ

ನಾಲ್ಕರಲ್ಲಿ ಒಂದನ್ನೇ ಹೇಳು ಅಂದರೆ ನಾನು ಮುಂಬೈ ಹೇಳುತ್ತೇನೆ. ಅಕ್ಕ ಇದನ್ನು ಕೇಳಿ ಫೋನೇ ಕೆಳಗಿಟ್ಟಳು. ಅಷ್ಟು ದೊಡ್ಡ ಊರು, ಅಷ್ಟು ಜನ ಅಂತ. ನಾನು ಹೇಳುವುದೂ ಅದೇ, ಅಷ್ಟು ಜನ!

ಒಂದು ರಾತ್ರಿಯ ಮಾತು. ಚರ್ಚ್‌ಗೇಟಿನಲ್ಲಿ ಒಂಬತ್ತೂ ಕಾಲಿಗೆ ಬೋರಿವಲಿ ಲೋಕಲ್ ಹತ್ತಿದೆ, ಹೆಂಗಸರ ಡಬ್ಬಿ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಯಲ್ಲಿ ಕೂತೆ. ಅಲ್ಲಿ ಅದು ಹಕ್ಕು, ಕೇಳುವುದೂ ಬೇಡ, ಒಂದು ಸಲ ನೋಡಿದರೆ ಮೂವರೂ ಸರಿಯುತ್ತಾರೆ. ಪಕ್ಕದವಳು ಮಡಿಲಲ್ಲಿ ಪ್ಲಾಸ್ಟಿಕ್ ಕವರ್ ಹರಡಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಎಲೆ ಒಂದು ಕವರಿಗೆ, ಕಡ್ಡಿ ಇನ್ನೊಂದಕ್ಕೆ. ಎದುರಿನವಳು ಕಿವಿಗೆ ವೈರ್ ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ತಲೆಗೆ ಹಾಕುವ ಕ್ಲಿಪ್ಪು, ಓಲೆ ತೂಗುಹಾಕಿಕೊಂಡು ಒಬ್ಬಳು ಮಾರಲು ಬಂದಳು. ಮೆಂತ್ಯದವಳು ಒಂದು ಜೊತೆ ಓಲೆ ಚೌಕಾಶಿ ಮಾಡಿ ತಗೊಂಡಳು, ಸೊಪ್ಪಿನ ಕೈಯಲ್ಲೇ. ಬಾಂದ್ರಾ ದಾಟಿದ ಮೇಲೆ ನಿಂತಿದ್ದವಳೊಬ್ಬಳು ನನ್ನನ್ನು "ಕಹಾಂ ಉತರೋಗೇ?" ಅಂದಳು. ಅಂಧೇರಿ ಅಂದೆ. ತಲೆ ಆಡಿಸಿದಳು, ನನ್ನ ಸೀಟು ಅವಳಿಗೆ ಬುಕ್ ಆಯಿತು. ಒಬ್ಬಳೇನಾ, ಮದುವೆ ಆಗಿದೆಯಾ, ಇಷ್ಟು ಹೊತ್ತಲ್ಲಿ ಎಲ್ಲಿಗೆ, ಒಂದೂ ಪ್ರಶ್ನೆ ಇಲ್ಲ. ಇಡೀ ಡಬ್ಬಿಯಲ್ಲಿ ಮನೆಗೆ ಹೋಗುವ ಹೆಂಗಸರು, ಎಲ್ಲರೂ ಒಬ್ಬೊಬ್ಬರೇ.

ಇದು ಒಂದು ದಿನದಲ್ಲಿ ಆದದ್ದಲ್ಲ. 1992ರ ಮೇ 5ರಂದು ಪಶ್ಚಿಮ ರೈಲ್ವೆ ಚರ್ಚ್‌ಗೇಟ್ ಬೋರಿವಲಿ ನಡುವೆ ಪೂರ್ತಿ ಹೆಂಗಸರಿಗೇ ಒಂದು ಲೋಕಲ್ ಶುರು ಮಾಡಿತು. ಹೆಂಗಸರಿಗೆ ಪ್ರತ್ಯೇಕ ಡಬ್ಬಿಗಳಂತೂ ಅದಕ್ಕೂ ಎಷ್ಟೋ ಮೊದಲಿನಿಂದ ಇವೆ. ಆಫೀಸು, ಗಿರಣಿ, ಆಸ್ಪತ್ರೆ ಅಂತ ಹೆಂಗಸರು ರಾತ್ರಿ ಓಡಾಡುವುದು ಆ ಊರಿಗೆ ತಲೆಮಾರುಗಳಿಂದ ಅಭ್ಯಾಸ. ಪ್ರವಾಸಕ್ಕೆ ಹೋದ ನಾವು ಆ ಅಭ್ಯಾಸದ ನೆರಳಲ್ಲಿ ನಡೆಯುತ್ತೇವೆ ಅಷ್ಟೆ.

ಒಂದು ಎಚ್ಚರ. ಎಲ್ಲ ಲೇಡೀಸ್ ಡಬ್ಬಿಯೂ 24 ಗಂಟೆ ಲೇಡೀಸ್ ಅಲ್ಲ. ಕೆಲವು ರಾತ್ರಿ ಹೊತ್ತಿಗೆ ಎಲ್ಲರಿಗೂ ತೆರೆಯುತ್ತವೆ. ಡಬ್ಬಿಯ ಮೇಲೆ ಬರೆದಿರುತ್ತೆ, ಓದಿ ಹತ್ತಿ. ತಡರಾತ್ರಿಯಾದರೆ ಕಾವಲಿಗೆ ಪೊಲೀಸರಿರುವ ಡಬ್ಬಿ ನೋಡಿಕೊಳ್ಳಿ. ಬೆಳಗ್ಗೆ ಎಂಟರಿಂದ ಹತ್ತೂವರೆ ಹತ್ತಲೇಬೇಡಿ. ಅಪಾಯ ಬೇರೇನೂ ಅಲ್ಲ, ಹತ್ತಿದ ಮೇಲೆ ಇಳಿಯಲು ಆಗುವುದಿಲ್ಲ.

ಮರೀನ್ ಡ್ರೈವ್ ಕಟ್ಟೆಯ ಮೇಲೆ ಹನ್ನೊಂದರವರೆಗೆ ಕೂರಬಹುದು. ಆಚೀಚೆ ಜೋಡಿಗಳು, ಕಾಲೇಜು ಹುಡುಗಿಯರು, ನಿವೃತ್ತರು. ಟ್ಯಾಕ್ಸಿ ಮೀಟರಿನ ಮೇಲೆ ಬರುತ್ತೆ. ಆಟೋ ಬೇಕೆಂದು ಕೊಲಾಬಾದಲ್ಲಿ ಕಾಯಬೇಡಿ, ಬಾಂದ್ರಾ, ಸಯನ್ ಆಚೆಗೆ ಮಾತ್ರ ಆಟೋ.

ಕನ್ನಡದವರಿಗೆ ನಾನು ಹೇಳುವ ಜಾಗ ಮಾಟುಂಗಾ, ದಾದರ್ ಕಡೆ. ಮಾಟುಂಗಾ ಸೆಂಟ್ರಲ್ ಸ್ಟೇಷನ್ನಿನಲ್ಲಿ 2017ರಿಂದ ಟಿಕೆಟ್ ಕೌಂಟರಿಂದ ಹಿಡಿದು ಎಲ್ಲ ಸಿಬ್ಬಂದಿ ಹೆಂಗಸರೇ. ಹೊರಗೆ ಬಂದರೆ ಮಲ್ಲಿಗೆ ಮಾಲೆ, ಬಾಳೆಎಲೆ, ಫಿಲ್ಟರ್ ಕಾಫಿ ಪುಡಿಯ ವಾಸನೆ. 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಎಲೆ ಊಟ. ಒಬ್ಬರೇ ಹೋದರೆ ಖಾಲಿ ಇದ್ದ ಕುರ್ಚಿಗೆ ಕೂರಿಸುತ್ತಾರೆ, ಎದುರು ಯಾರೋ ಗೊತ್ತಿಲ್ಲದವರು. ಒಬ್ಬಳೇ ಒಂದು ಟೇಬಲ್ ಹಿಡಿದು ಕೂತು ಎಲ್ಲರ ಕಣ್ಣಿಗೆ ಬೀಳುವ ಮುಜುಗರವೇ ಇಲ್ಲ. ಕನ್ನಡ, ತುಳು ಆ ಬೀದಿಗಳಲ್ಲಿ ಕಿವಿಗೆ ಬೀಳುತ್ತಲೇ ಇರುತ್ತವೆ. ಮೈಸೂರು ಅಸೋಸಿಯೇಷನ್ನೂ ಅಲ್ಲೇ, ಅದೃಷ್ಟ ಇದ್ದರೆ ಒಂದು ಕನ್ನಡ ನಾಟಕ ಸಿಗುತ್ತೆ.

ಮುಂಬೈಯ ಕೊರತೆ ಅಂದರೆ ರೂಮಿನ ಬಾಡಿಗೆ. ಮೈಸೂರಿನಲ್ಲಿ ಎರಡು ಮೂರು ದಿನಕ್ಕೆ ಆಗುವ ದುಡ್ಡು ಇಲ್ಲಿ ಒಂದು ರಾತ್ರಿಗೆ, ಅದೂ ಮಂಚ ಬಿಟ್ಟರೆ ಓಡಾಡಲು ಜಾಗ ಇಲ್ಲದ ರೂಮು. ಕೊಲಾಬಾ ಕಡೆಯ ವೈಡಬ್ಲ್ಯೂಸಿಎ (ಕ್ರೈಸ್ತ ಮಹಿಳಾ ಸಂಘ) ಅತಿಥಿಗೃಹ ವಿಚಾರಿಸಿ, ಬೇಗ ಭರ್ತಿಯಾಗುತ್ತೆ. ಜುಲೈನಲ್ಲಿ ಹೋಗಬೇಡಿ. ಹಳಿ ಮೇಲೆ ನೀರು ನಿಂತರೆ ನಾನು ಮೇಲೆ ಹೇಳಿದ್ದೆಲ್ಲ ನಿಂತುಹೋಗುತ್ತೆ.

ಹಂಪಿ ಯಾಕೆ ಇಲ್ಲ?

ಯಾರಾದರೂ ಕೇಳೇ ಕೇಳುತ್ತಾರೆ. ಹಂಪಿಗೆ ನನ್ನಷ್ಟು ಸಲ ಹೋದವರು ಕಮ್ಮಿ ಇರಬಹುದು. ಆದರೆ ಅದು ಊರಲ್ಲ, ಬಯಲು. ಅದರ ಸೊಗಸೇ ನಿರ್ಜನತೆ. ಹೊಸಪೇಟೆಯಲ್ಲಿ ಉಳಿದು, ಬೆಳಗ್ಗೆ ಹೋಗಿ ಸೂರ್ಯ ಮುಳುಗುವ ಮೊದಲು ವಾಪಸ್ ಬರುವುದಾದರೆ ಧಾರಾಳವಾಗಿ ಹೋಗಿ. ಮೊದಲ ಒಂಟಿ ಪ್ರವಾಸಕ್ಕೆ ಬೇಡ.

ಹೊರಡುವ ಮೊದಲು

ದೂರದ ರೈಲಿನ ಸ್ಲೀಪರ್ ದರ್ಜೆಯಲ್ಲಿ ಹೆಂಗಸರಿಗೆ ಆರು ಬರ್ತ್ ಮೀಸಲಿರುತ್ತೆ. ಟಿಕೆಟ್ ಮಾಡುವಾಗ ಲೇಡೀಸ್ ಕೋಟಾ ಆರಿಸಿ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ರೈಲಿನಲ್ಲಿ ತೊಂದರೆಯಾದರೆ 139, ಎಲ್ಲೇ ಆದರೂ 112. ಹೊಸ ಊರಿಗೆ ಬೆಳಕಿರುವಾಗಲೇ ತಲುಪುವ ಗಾಡಿ ನೋಡಿ, ಟಿಕೆಟ್ ನೂರು ರೂಪಾಯಿ ಜಾಸ್ತಿಯಾದರೂ. ರೂಮು ಬುಕ್ ಮಾಡಿದ ಮೇಲೆ ಒಂದು ಫೋನ್ ಮಾಡಿ, "ನಾನೊಬ್ಬಳೇ ಬರ್ತಿದ್ದೀನಿ, ರಾತ್ರಿ ಕೌಂಟರಲ್ಲಿ ಯಾರಿರ್ತಾರೆ" ಅಂತ ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವ ಮೊದಲಿನ ಆ ಒಂದು ಕ್ಷಣದ ಮೌನ ಕೇಳಿಸಿಕೊಳ್ಳಿ. ಅನುಮಾನ ಬಂದರೆ ಕ್ಯಾನ್ಸಲ್ ಮಾಡಿ ಬೇರೆ ನೋಡಿ. ರಿಜಿಸ್ಟರ್ ಮುಚ್ಚುವುದಿದ್ದರೆ ಮನೆಯಲ್ಲಿ ಕೂತಿರುವಾಗಲೇ ಮುಚ್ಚಲಿ.

ಇಷ್ಟೆಲ್ಲ ಕೇಳಿ ಅಕ್ಕನ ಮಗಳು ಒಂದು ವಿಷಯ ಪತ್ತೆ ಮಾಡಿದ್ದಾಳೆ. ನಮ್ಮ ದಾವಣಗೆರೆ ಮೇಲೆ ಹೋಗುವ ಚಾಲುಕ್ಯ ಎಕ್ಸ್‌ಪ್ರೆಸ್ ವಾರದಲ್ಲಿ ಕೆಲವು ದಿನ ದಾದರಿನಿಂದ ಪುದುಚೇರಿಗೇ ಹೋಗುತ್ತೆ. ಒಂದು ದಿಕ್ಕಿಗೆ ಹತ್ತಿದರೆ ಮಾಟುಂಗಾದ ಪಕ್ಕ, ಇನ್ನೊಂದು ದಿಕ್ಕಿಗೆ ಹತ್ತಿದರೆ ಬೀಚ್ ರಸ್ತೆ. ಡಿಸೆಂಬರಿಗೆ ದಾದರ್ ಕಡೆ ಲೇಡೀಸ್ ಕೋಟಾದಲ್ಲಿ ಟಿಕೆಟ್ ತೆಗೆದಿದ್ದಾಳೆ. ಅವಳ ಅಮ್ಮನಿಗೆ ಮೈಸೂರು ಅಂತ ಹೇಳಿದ್ದಾಳಂತೆ. ಅದನ್ನು ಸರಿಮಾಡುವ ಕೆಲಸ ಈಗ ನನ್ನ ತಲೆ ಮೇಲೆ ಬಂದಿದೆ.